ಬೆಳಗಿನ ಚಳಿಗೆ ಡಿ3 (ಲ್ಯಾಂಡ್ ರೋವರ್ ಡಿಸ್ಕವರಿ 3) ಮುನಿಸು: ಡ್ಯಾಶ್‌ಬೋರ್ಡ್ ಪೂರ್ತಿ ದೀಪ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ

ಹದಡಿ ರಸ್ತೆ — ಸೋಮವಾರ, ಬೆಳಗ್ಗೆ 7.40

ಸಾಕಾಗಿ ಹೋಗಿದೆ ಗುರುಗಳೇ. ಎಂಟು ದಿನದಲ್ಲಿ ಇದು ನಾಲ್ಕನೇ ಸಲ. ಬೆಳಗ್ಗೆ ಆರೂವರೆಗೆ ಕೀ ತಿರುಗಿಸಿದರೆ ಟಕ್, ಟಕ್ ಅಂತ ಎರಡು ಸದ್ದು. ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ದೀಪಾವಳಿ. ಸಸ್ಪೆನ್ಷನ್ ಫಾಲ್ಟ್, ಗೇರ್‌ಬಾಕ್ಸ್ ಫಾಲ್ಟ್, ಪಾರ್ಕಿಂಗ್ ಬ್ರೇಕ್ ಫಾಲ್ಟ್, ಎಲ್ಲ ಒಂದರ ಹಿಂದೆ ಒಂದು. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಸೆಲ್ಫ್ ತಿರುಗುತ್ತದೆ. ಹನ್ನೊಂದು ಗಂಟೆಗೆ ಬಿಸಿಲು ಬಿದ್ದ ಮೇಲೆ ನೋಡಿದರೆ ಒಂದೇ ಸಲಕ್ಕೆ ಸ್ಟಾರ್ಟ್. ಒಂದು ದೀಪವೂ ಇಲ್ಲ.

ಬ್ಯಾಟರಿ ಹೊಸದು. ಯಾರೂ ಬ್ಯಾಟರಿ ಅನ್ನಬೇಡಿ. ಅಂಗಡಿಯವರು ಮೀಟರ್ ಇಟ್ಟು ನೋಡಿ ಚೆನ್ನಾಗಿದೆ ಅಂದಿದ್ದಾರೆ. ಮಗಳು ಇವತ್ತು ಆಟೊದಲ್ಲಿ ಟ್ಯೂಷನ್‌ಗೆ ಹೋದಳು. ಆಟೊದವನು ನಮ್ಮ ಗಾಡಿ ನೋಡಿ ನಕ್ಕ. ಅದೇ ಜಾಸ್ತಿ ಉರಿಯಿತು.

ಕೋಟೆ ಡೀಸೆಲ್ — ಸೋಮವಾರ, 8.05

ಬ್ರೇಕ್ ಲೈಟ್ ಸ್ವಿಚ್. ಕಣ್ಣು ಮುಚ್ಚಿಕೊಂಡು ಹಾಕಿಸಿ. ಪೆಡಲ್ ಮೇಲಿರುವ ಆ ಸಣ್ಣ ಸ್ವಿಚ್ ಕೆಟ್ಟರೆ ಸಸ್ಪೆನ್ಷನ್, ಗೇರ್‌ಬಾಕ್ಸ್, ಇಳಿಜಾರಿನ ಕಂಟ್ರೋಲ್ ಎಲ್ಲ ಒಟ್ಟಿಗೆ ಬಾಯಿ ಬಡಿದುಕೊಳ್ಳುತ್ತವೆ. ನನ್ನ ಗಾಡಿಯಲ್ಲಿ ಎರಡು ಸಲ ಆಗಿದೆ.

ವೈರಿಂಗ್ ಹರಿಹರ — ಸೋಮವಾರ, 8.30

ದೀಪಗಳಿಗೆ ಆ ಸ್ವಿಚ್ ಕಾರಣ ಇರಬಹುದು. ಟಕ್ ಟಕ್ ಸದ್ದಿಗೆ ಅದು ಕಾರಣ ಅಲ್ಲ. ನಾಲ್ಕು ವಿಷಯ ತಿಳಿಸಿ ಅಣ್ಣ. ರಾತ್ರಿ ನಿಂತ ಗಾಡಿಯಲ್ಲಿ ಬೆಳಗ್ಗೆ ಬ್ಯಾಟರಿ ಎಷ್ಟು ವೋಲ್ಟ್? ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯುತ್ತದೆ? ಸ್ಕ್ಯಾನರ್‌ನಲ್ಲಿ ಯಾವ ಕೋಡ್ ಬಂದಿವೆ? ಗಾಡಿ ಒಳಗೆ ನಿಲ್ಲುತ್ತದೋ ಹೊರಗೋ?

ಹಳೇ ಪಜೆರೊ — ಸೋಮವಾರ, 9.10

ಡೀಸೆಲ್ ಗಾಡಿ, ಚಳಿ, ಬೆಳಗ್ಗೆ. ಇದಕ್ಕೆ ಇಷ್ಟು ಯೋಚನೆ ಬೇಕಾ? ಹೀಟರ್ ಪ್ಲಗ್ ಹೋಗಿದೆ. ನನ್ನ 2.8 ಲೀಟರ್ ಪಜೆರೊ ಇವತ್ತಿಗೂ ಅರ್ಧ ಸುತ್ತಿಗೆ ಸ್ಟಾರ್ಟ್.

ವೈರಿಂಗ್ ಹರಿಹರ — ಸೋಮವಾರ, 9.25

ಹೀಟರ್ ಪ್ಲಗ್ ಹೋದರೆ ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ, ಎಂಜಿನ್ ಹತ್ತಿಕೊಳ್ಳುವುದು ತಡವಾಗುತ್ತದೆ, ಬಿಳಿ ಹೊಗೆ ಬರುತ್ತದೆ. ಇಲ್ಲಿ ಸೆಲ್ಫೇ ತಿರುಗುತ್ತಿಲ್ಲ.

ಕಾಫಿ ತೋಟ, ಮಡಿಕೇರಿ — ಸೋಮವಾರ, 10.00

ಕ್ಷಮಿಸಿ, ದಾವಣಗೆರೆಯಲ್ಲಿ ಚಳಿ ಅಂದರೆ ಎಷ್ಟು? ಫ್ಯಾನ್ ಒಂದು ಪಾಯಿಂಟ್ ಕಮ್ಮಿ ಮಾಡುವಷ್ಟಾ?

ಜೋಗಿಮಟ್ಟಿ ಫೋರ್‌ಬೈಫೋರ್ — ಸೋಮವಾರ, 10.20

ಸ್ವಾಮಿ, ಜನವರಿಯಲ್ಲಿ ಬೆಳಗ್ಗೆ ಐದಕ್ಕೆ ಜೋಗಿಮಟ್ಟಿ ಮೇಲೆ ಒಮ್ಮೆ ಬಂದು ನಿಲ್ಲಿ. ಆ ಗಾಳಿಗೆ ಕಿವಿ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಳ್ಳಬೇಕು. ಆಮೇಲೆ ಮಾತಾಡೋಣ.

ವೈರಿಂಗ್ ಹರಿಹರ — ಸೋಮವಾರ, 10.45

ಚಳಿ ಜಗಳ ಬೇಡ. ಬ್ಯಾಟರಿ ಮೇಲೆ ಕೋಲ್ಡ್ ಕ್ರ್ಯಾಂಕಿಂಗ್ (ಚಳಿಯಲ್ಲಿ ಸೆಲ್ಫ್ ತಿರುಗಿಸುವ ಶಕ್ತಿ) ಅಂತ ಬರೆದಿರುವ ಅಂಕಿ ಮೈನಸ್ 18 ಡಿಗ್ರಿಯಲ್ಲಿ ಪರೀಕ್ಷೆ ಮಾಡಿದ್ದು. ನಮ್ಮ 13, 14 ಡಿಗ್ರಿ ಅದಕ್ಕೆ ಲೆಕ್ಕವೇ ಅಲ್ಲ. ಈ ಚಳಿಗೇ ಗಾಡಿ ಮಲಗುತ್ತದೆ ಅಂದರೆ ಎಲ್ಲೋ ಮೊದಲೇ ಒಂದು ಸಡಿಲ ಇದೆ, ಚಳಿ ಅದನ್ನು ತೋರಿಸುತ್ತಿದೆ ಅಷ್ಟೇ. ನಾನು ಕೇಳಿದ ನಾಲ್ಕಕ್ಕೆ ಉತ್ತರ ಬರಲಿಲ್ಲ.

ಹದಡಿ ರಸ್ತೆ — ಸೋಮವಾರ, ರಾತ್ರಿ 9.15

ಬ್ರೇಕ್ ಸ್ವಿಚ್ ಬೆಂಗಳೂರಿಂದ ಬಸ್ ಪಾರ್ಸಲ್‌ನಲ್ಲಿ ತರಿಸುತ್ತಿದ್ದೇನೆ. ಗಾಡಿ ಹೊರಗೇ ನಿಲ್ಲುತ್ತದೆ, ಗೇಟ್ ಒಳಗೆ ಜಾಗ ಸಾಲದು. ಮನೆ ಹಿಂದೆ ಭದ್ರಾ ನಾಲೆ ಬಯಲು. ಬೆಳಗ್ಗೆ ಬಾನೆಟ್ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಇಬ್ಬನಿ ಇರುತ್ತದೆ.

ಹದಡಿ ರಸ್ತೆ — ಬುಧವಾರ, ಬೆಳಗ್ಗೆ 7.00

ಕೋಟೆ ಅಣ್ಣಾ, ಕಾಲು ಮುಟ್ಟಬೇಕು ನಿಮ್ಮದು! ನಿನ್ನೆ ಮಧ್ಯಾಹ್ನ ಸ್ವಿಚ್ ಬದಲಿಸಿದೆ. ಇವತ್ತು ಒಂದೇ ಸಲಕ್ಕೆ ಸ್ಟಾರ್ಟ್, ಒಂದು ದೀಪವೂ ಇಲ್ಲ.

ಕೋಟೆ ಡೀಸೆಲ್ — ಬುಧವಾರ, 7.04

ಹೇಳಿದೆನಲ್ಲ. ಕೆಲವರು ಸುಮ್ನೆ ವೋಲ್ಟ್ ವೋಲ್ಟ್ ಅಂತ ಕೂರುತ್ತಾರೆ.

ವೈರಿಂಗ್ ಹರಿಹರ — ಬುಧವಾರ, 7.30

ನಿನ್ನೆ ರಾತ್ರಿಯೆಲ್ಲ ಮೋಡ ಇತ್ತು. ಇವತ್ತು ಇಬ್ಬನಿ ಬಿದ್ದಿಲ್ಲ. ಎರಡು ದಿನ ಕಾಯಿರಿ.

ಹದಡಿ ರಸ್ತೆ — ಶುಕ್ರವಾರ, ಬೆಳಗ್ಗೆ 6.50

ಮತ್ತೆ ಟಕ್ ಟಕ್. ಮತ್ತೆ ಎಲ್ಲ ದೀಪ. ಈ ಗಾಡಿಯನ್ನು ತೂಕಕ್ಕೆ ಹಾಕಿ ಎರಡು ಎಮ್ಮೆ ಕಟ್ಟುತ್ತೇನೆ. ಎಮ್ಮೆ ಚಳಿಗೂ ಎದ್ದು ನಿಲ್ಲುತ್ತದೆ.

ಕೋಟೆ ಡೀಸೆಲ್ — ಶುಕ್ರವಾರ, 7.15

ಸ್ವಿಚ್ ಯಾವ ಕಂಪನಿದು ಹಾಕಿದಿರಿ? ಡೂಪ್ಲಿಕೇಟ್ ಇರಬೇಕು.

ಶಾಂತಿಸಾಗರ — ಶುಕ್ರವಾರ, 8.00

ರಾತ್ರಿ ಎಲ್ಲೋ ಕರೆಂಟ್ ಸೋರುತ್ತಿರಬಹುದು. ಮೈನಸ್ ತೆಗೆದು ನಡುವೆ ಆಂಪಿಯರ್ ಮೀಟರ್ ಹಾಕಿ ನೋಡಿ.

ಹದಡಿ ರಸ್ತೆ — ಶುಕ್ರವಾರ, 8.40

ನೋಡಿದೆ. 6 ಆಂಪಿಯರ್! ಸಿಕ್ಕಿತು ಕಳ್ಳ!

ವೈರಿಂಗ್ ಹರಿಹರ — ಶುಕ್ರವಾರ, 8.55

ಬಾಗಿಲು ತೆಗೆದಿಟ್ಟು ನೋಡಿದಿರಿ ಅಲ್ವಾ? ಬಾನೆಟ್ಟೂ ತೆಗೆದಿತ್ತು, ಕೀ ಜೇಬಿನಲ್ಲಿತ್ತು. ಈ ಗಾಡಿಯಲ್ಲಿ ಒಂದು ರಾಶಿ ಕಂಪ್ಯೂಟರ್ ಇವೆ. ಬಾಗಿಲು ತೆರೆದರೆ ಎಲ್ಲವೂ ಎದ್ದು ಕೂರುತ್ತವೆ. ಬಾಗಿಲ ಲಾಕನ್ನು ಸ್ಕ್ರೂಡ್ರೈವರ್‌ನಲ್ಲಿ ಒತ್ತಿ ಮುಚ್ಚಿದ ಹಾಗೆ ಮಾಡಿ, ಕೀ ದೂರ ಇಡಿ, ಅರ್ಧ ಗಂಟೆಗಿಂತ ಜಾಸ್ತಿ ಬಿಡಿ. ಎಲ್ಲ ಮಲಗಿದ ಮೇಲೆ 50 ಮಿಲಿಆಂಪಿಯರ್ ಒಳಗೆ ಬಂದರೆ ಸೋರಿಕೆ ಇಲ್ಲ.

ಹದಡಿ ರಸ್ತೆ — ಶುಕ್ರವಾರ, 10.10

30 ಮಿಲಿಆಂಪಿಯರ್. ಕಳ್ಳ ಅಲ್ಲ.

ಜೋಗಿಮಟ್ಟಿ ಫೋರ್‌ಬೈಫೋರ್ — ಶುಕ್ರವಾರ, 11.30

ಇದಕ್ಕೇ ನಾನು ಎರಡು ಬ್ಯಾಟರಿ ಇಟ್ಟಿದ್ದೇನೆ. ಒಂದು ಗಾಡಿಗೆ, ಒಂದು ವಿಂಚ್‌ಗೆ ಮತ್ತು ಫ್ರಿಜ್‌ಗೆ. ನಡುವೆ ಸೊಲೆನಾಯ್ಡ್. ಹೋದ ಮಳೆಗಾಲ ಮಾರಿಕಣಿವೆ ಹಿನ್ನೀರಿನ ಹತ್ತಿರ ಒಂದು ಟ್ರ್ಯಾಕ್ಟರನ್ನೇ ಎಳೆದು ಹಾಕಿದ್ದೇನೆ. ಫೋಟೊ ಹಾಕಲಾ?

ಹಳೇ ಪಜೆರೊ — ಶುಕ್ರವಾರ, 11.40

ಟ್ರ್ಯಾಕ್ಟರ್ ಅಂದರೆ ಟ್ರೈಲರ್ ಸಮೇತವಾ, ಬರೀ ಎಂಜಿನ್ನಾ?

ಶಾಂತಿಸಾಗರ — ಶುಕ್ರವಾರ, ಮಧ್ಯಾಹ್ನ 12.05

ಎರಡನೇ ಬ್ಯಾಟರಿ ಯಾಕೆ, ಜಂಪರ್ ಕೇಬಲ್ ಇದ್ದರೆ ಸಾಕು. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್, ಮುಗೀತು.

ಜೋಗಿಮಟ್ಟಿ ಫೋರ್‌ಬೈಫೋರ್ — ಶುಕ್ರವಾರ, 12.10

ಮೈನಸ್‌ಗೆ ಮೈನಸ್ ಹಾಕಬಾರದು. ಕೊನೇ ಕ್ಲಿಪ್ ಎಂಜಿನ್ ಕಬ್ಬಿಣಕ್ಕೆ ಹಾಕಬೇಕು. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಪಕ್ಕದಲ್ಲೇ ಕಿಡಿ ಹಾರಿದರೆ ಡಬ್ ಅನ್ನುತ್ತದೆ.

ಶಾಂತಿಸಾಗರ — ಶುಕ್ರವಾರ, 12.15

ಇಪ್ಪತ್ತು ವರ್ಷದಿಂದ ಹಾಕುತ್ತಿದ್ದೇನೆ. ಒಂದೂ ಡಬ್ ಅಂದಿಲ್ಲ.

ಹದಡಿ ರಸ್ತೆ — ಶುಕ್ರವಾರ, 12.30

ಎರಡೂ ಒಂದೇ ಅಲ್ಲ ಅನ್ನಿಸುತ್ತದೆ. ಹೋದ ವಾರ ತಮ್ಮನ ಬೊಲೆರೊದಿಂದ ಜಂಪ್ ಕೊಟ್ಟೆವು. ಮೈನಸ್ಸನ್ನು ಬ್ಯಾಟರಿಗೇ ಹಾಕಿದಾಗ ಅದೇ ಟಕ್ ಟಕ್. ತಮ್ಮ ಬೈದು ಕ್ಲಿಪ್ ಕಿತ್ತು ಎಂಜಿನ್ ಕೊಕ್ಕೆಗೆ ಹಾಕಿದ. ಪಟ್ ಅಂತ ಬಂತು. ಅವನ ಕೈಗುಣ ಅಂದುಕೊಂಡೆವು.

ವೈರಿಂಗ್ ಹರಿಹರ — ಶುಕ್ರವಾರ, 12.32

ಅಣ್ಣಾ. ಇದನ್ನು ಸೋಮವಾರವೇ ಹೇಳಬಾರದಿತ್ತಾ?

ಎಲ್ಲರೂ ಎರಡು ನಿಮಿಷ ನಿಲ್ಲಿ. ಬ್ಯಾಟರಿ ಮೈನಸ್‌ಗೆ ಹಾಕಿದರೆ ಬರಲಿಲ್ಲ, ಎಂಜಿನ್ ಕಬ್ಬಿಣಕ್ಕೆ ಹಾಕಿದರೆ ಬಂತು. ಅಂದರೆ ಬ್ಯಾಟರಿ ಮೈನಸ್‌ಗೂ ಎಂಜಿನ್‌ಗೂ ನಡುವಿನ ದಾರಿಯೇ ಕೆಟ್ಟಿದೆ. ಅರ್ಥಿಂಗ್. ಬೊಲೆರೊ ಕೇಬಲ್ ಆ ಕೆಟ್ಟ ದಾರಿ ಬಿಟ್ಟು ಪಕ್ಕದಿಂದ ಹೋಯಿತು, ಅದಕ್ಕೇ ಬಂತು.

ಅಂಗಡಿಯವರ ಮೀಟರ್‌ಗೆ ಇದು ಸಿಗುವುದಿಲ್ಲ. ಅವರು ಬ್ಯಾಟರಿಯ ಎರಡು ತುದಿಗೆ ಮುಳ್ಳು ಇಡುತ್ತಾರೆ. ಬ್ಯಾಟರಿ ಸುಳ್ಳು ಹೇಳುತ್ತಿಲ್ಲ, ಅದು ನಿಜವಾಗಿಯೂ ಚೆನ್ನಾಗಿದೆ. ಲೈಟ್, ರೇಡಿಯೊಗೆ ಐದಾರು ಆಂಪಿಯರ್ ಸಾಕು, ಸಣ್ಣ ತಡೆ ಇದ್ದರೂ ಗೊತ್ತಾಗುವುದಿಲ್ಲ. ಸೆಲ್ಫ್ ಮೋಟರ್ ಹಾಗಲ್ಲ. ಮುನ್ನೂರು ಆಂಪಿಯರ್ ಅಂತ ಇಟ್ಟುಕೊಳ್ಳಿ. ಆ ಜಾಯಿಂಟ್‌ನಲ್ಲಿ ಬರೀ 6 ಮಿಲಿಓಮ್ ತಡೆ ಇದ್ದರೂ 1.8 ವೋಲ್ಟ್ ಅಲ್ಲೇ ಉರಿದುಹೋಗುತ್ತದೆ. ಬೆಳಗ್ಗೆ ಆಯಿಲ್ ಗಟ್ಟಿ, ಸೆಲ್ಫ್ ಇನ್ನೂ ಜಾಸ್ತಿ ಎಳೆಯುತ್ತದೆ, ನಷ್ಟವೂ ಜಾಸ್ತಿ. ಜೊತೆಗೆ ಇಬ್ಬನಿ ನೀರು ಜಾಯಿಂಟ್ ಒಳಗೆ. ಆ ಹೊತ್ತಿಗೆ ಕಂಪ್ಯೂಟರ್‌ಗಳಿಗೆ 9 ವೋಲ್ಟೂ ಸಿಗುವುದಿಲ್ಲ. ಒಂದೊಂದೂ ತನ್ನದೇ ಭಾಗ ಕೆಟ್ಟಿದೆ ಅಂದುಕೊಂಡು ದೀಪ ಹಚ್ಚುತ್ತದೆ. ಸಸ್ಪೆನ್ಷನ್‌ಗೂ ಏನೂ ಆಗಿಲ್ಲ, ಗೇರ್‌ಬಾಕ್ಸ್‌ಗೂ ಏನೂ ಆಗಿಲ್ಲ.

ನಾಳೆ ಬೆಳಗ್ಗೆ ಕೀ ಹಾಕುವ ಮುಂಚೆ ಮೀಟರಿನ ಕರಿ ಮುಳ್ಳು ಬ್ಯಾಟರಿ ಮೈನಸ್ ಪೋಸ್ಟ್‌ಗೆ ಇಡಿ. ಕ್ಲ್ಯಾಂಪಿಗಲ್ಲ, ಸೀಸದ ಪೋಸ್ಟ್‌ಗೇ. ಕೆಂಪು ಮುಳ್ಳು ಬಾಡಿಯ ಪೇಂಟ್ ಇಲ್ಲದ ಬೋಲ್ಟ್‌ಗೆ. ತಮ್ಮನಿಗೆ ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟ್‌ಗಿಂತ ಜಾಸ್ತಿ ಬರಬಾರದು. ಆಮೇಲೆ ಒಂದು ಜಂಪರ್ ಕೇಬಲ್‌ನಿಂದ ಬ್ಯಾಟರಿ ಮೈನಸ್ಸನ್ನು ನೇರ ಎಂಜಿನ್ ಕೊಕ್ಕೆಗೆ ಸೇರಿಸಿ ಮತ್ತೆ ಹೊಡೆಯಿರಿ.

ಮತ್ತೆ ಆ ಸ್ಕ್ಯಾನರ್ ಕೋಡ್ ಹಾಕಿ, ದಯವಿಟ್ಟು.

ಹದಡಿ ರಸ್ತೆ — ಶನಿವಾರ, ಬೆಳಗ್ಗೆ 7.05

ಮೈನಸ್ ಪೋಸ್ಟ್‌ನಿಂದ ಬಾಡಿಗೆ 1.9 ವೋಲ್ಟ್. ಜಂಪರ್ ಕೇಬಲ್ ಸೇರಿಸಿದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್. ಒಂದು ದೀಪವೂ ಇಲ್ಲ. ಇಬ್ಬನಿ ಜೋರಾಗಿಯೇ ಇತ್ತು. ಕೋಡ್ 14 ಇದ್ದವು, ಅದರಲ್ಲಿ 11 ವೋಲ್ಟೇಜ್ ಕಮ್ಮಿ ಅಂತಲೇ ಇವೆ. ಎಲ್ಲವೂ ಒಂದೇ ಥರ ಕಂಡವು, ಅದಕ್ಕೆ ಹಾಕಿರಲಿಲ್ಲ.

ವೈರಿಂಗ್ ಹರಿಹರ — ಶನಿವಾರ, 7.12

ಈಚೆಗೆ ಗಾಡಿ ಕೆಳಗೆ ಯಾರಾದರೂ ಕೈ ಹಾಕಿದ್ದರಾ?

ಹದಡಿ ರಸ್ತೆ — ಶನಿವಾರ, 7.20

ಇಲ್ಲ. ದೀಪಾವಳಿಗೆ ಮುಂಚೆ ಕೆಳಗೆಲ್ಲ ತುಕ್ಕು ಕೆರೆಸಿ ಕರಿ ಪೇಂಟ್ ಹೊಡೆಸಿದ್ದೆ ಅಷ್ಟೇ. ಅದಕ್ಕೂ ಇದಕ್ಕೂ ಏನು ಸಂಬಂಧ?

ವೈರಿಂಗ್ ಹರಿಹರ — ಶನಿವಾರ, 7.21

🙏

ಹದಡಿ ರಸ್ತೆ — ಶನಿವಾರ, ಮಧ್ಯಾಹ್ನ 1.30

ಸಿಕ್ಕಿತು. ಬ್ಯಾಟರಿಯಿಂದ ಇಳಿಯುವ ದಪ್ಪ ಮೈನಸ್ ವೈರಿನ ಲಗ್ (ತುದಿಯ ಲೋಹದ ಬಳೆ) ಬಿಚ್ಚಿದ್ದಾರೆ, ಆ ಜಾಗಕ್ಕೂ ಚೆನ್ನಾಗಿ ಪೇಂಟ್ ಹೊಡೆದಿದ್ದಾರೆ, ಪೇಂಟ್ ಮೇಲೇ ಲಗ್ ಕೂರಿಸಿ ಬೋಲ್ಟ್ ಬಿಗಿದಿದ್ದಾರೆ. ಬೋಲ್ಟಿನ ಥ್ರೆಡ್ ಮೂಲಕ ಮಾತ್ರ ಕರೆಂಟ್ ಹೋಗುತ್ತಿತ್ತು. ಲಗ್ ಅಡಿಯಲ್ಲಿ ಹಸಿರು ಪುಡಿ. ಉಪ್ಪುಕಾಗದದಲ್ಲಿ ಬಿಳಿ ಲೋಹ ಕಾಣುವ ತನಕ ಉಜ್ಜಿದೆ, ಬಿಗಿದೆ, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿದೆ. ಈಗ 0.1 ವೋಲ್ಟ್. ಎಂಜಿನ್‌ನಿಂದ ಚಾಸಿಗೆ ಹೋಗುವ ಪಟ್ಟಿಯದೂ ಅದೇ ಕಥೆ, ಅದನ್ನೂ ಉಜ್ಜಿದೆ. ಅಂಗಡಿ ಹೆಸರು ಕೇಳಬೇಡಿ, ಅವರು ನಮ್ಮ ಅತ್ತೆ ಮನೆ ಕಡೆಯವರು.

ಕಾಫಿ ತೋಟ, ಮಡಿಕೇರಿ — ಶನಿವಾರ, 2.00

ಅಂದರೆ ಚಳಿ ಅಲ್ಲ.

ಜೋಗಿಮಟ್ಟಿ ಫೋರ್‌ಬೈಫೋರ್ — ಶನಿವಾರ, 2.05

ಚಳಿಯೇ. ಇಬ್ಬನಿ ಎಲ್ಲಿಂದ ಬಂತು ಮತ್ತೆ? ಅಂದ ಹಾಗೆ ಟ್ರ್ಯಾಕ್ಟರ್ ಫೋಟೊ ಹಾಕಿದ್ದೇನೆ. ಟ್ರೈಲರ್ ಸಮೇತ.

ಹಳೇ ಪಜೆರೊ — ಶನಿವಾರ, 2.20

ಟ್ರೈಲರ್ ಖಾಲಿ ಇದೆ.

ಕೋಟೆ ಡೀಸೆಲ್ — ಶನಿವಾರ, 3.10

ಅರ್ಥಿಂಗ್ ಇದ್ದಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಬ್ರೇಕ್ ಸ್ವಿಚ್ಚೂ ಹೋಗಿತ್ತು. ಎರಡೂ ಸೇರಿ ಹಾಗೆ ಆಗಿದೆ.

ವೈರಿಂಗ್ ಹರಿಹರ — ಶನಿವಾರ, 3.15

ಹಳೇ ಸ್ವಿಚ್ಚನ್ನೇ ವಾಪಸ್ ಹಾಕಿ ನೋಡಲಿ, ಗೊತ್ತಾಗುತ್ತದೆ.

ಕೋಟೆ ಡೀಸೆಲ್ — ಶನಿವಾರ, 3.40

ಈಗ ಅದೆಲ್ಲ ಯಾಕೆ ಬಿಡಿ. ಹದಡಿ ಅಣ್ಣಾ, ಆ ಹಳೇ ಸ್ವಿಚ್ ಬಿಸಾಕಿದಿರಾ? ಬೇಡ ಅಂದರೆ ನನಗೆ ಕೊಡಿ. ನನ್ನ ಗಾಡಿಯದು ಮತ್ತೆ ಹೋಗಿದೆ.