ಕೌಂಟಿ ರಸ್ತೆ ಬಜೆಟ್‌ಗೆ ನಾವು ಅಭಿಪ್ರಾಯ ಕೊಟ್ಟರೆ ನಿಜಕ್ಕೂ ಏನಾದ್ರೂ ಆಗುತ್ತಾ?

ಸ್ಟ್ರಾಲರ್ ಅಮ್ಮ:

ಅಮೆರಿಕದಲ್ಲಿ ಇರುವವರಿಗೆ ಒಂದು ಪ್ರಶ್ನೆ. ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಹೋದ ವರ್ಷ ನಮ್ಮ ಕೌಂಟಿಯವರು (ನಮ್ಮೂರ ಜಿಲ್ಲಾಡಳಿತದ ಥರ) ಯಾವ ರಸ್ತೆ ಕೆಲಸ ಮೊದಲು ಆಗಬೇಕು ಅಂತ ಜನರನ್ನು ಕೇಳಿದ್ದರು. ಆನ್‌ಲೈನ್ ಮ್ಯಾಪ್‌ನಲ್ಲಿ ಪಿನ್ ಹಾಕಿ ತೊಂದರೆ ಏನು ಅಂತ ಬರೆಯಬೇಕು. ನಾನು ಮೂರು ಪಿನ್ ಹಾಕಿದೆ.

ಮೊದಲನೆಯದು ನಮ್ಮ ಅಪಾರ್ಟ್‌ಮೆಂಟ್ ಮುಂದಿನ ರಸ್ತೆ. ಸೈಡ್‌ವಾಕ್ ಇದೆ, ಆದರೆ ಬಸ್ ಸ್ಟಾಪ್ ಇನ್ನೂ ನೂರು ಹೆಜ್ಜೆ ಇದೆ ಅನ್ನುವಾಗ ಇದ್ದಕ್ಕಿದ್ದ ಹಾಗೆ ಮುಗಿದುಹೋಗುತ್ತದೆ. ಮುಂದೆ ಬರೀ ಹುಲ್ಲು. ಜನ ನಡೆದು ನಡೆದು ಅದರ ಮಧ್ಯೆ ಒಂದು ಅಡಿ ಅಗಲದ ಮಣ್ಣಿನ ಜಾಡು ಬಿದ್ದಿದೆ. ಮಳೆ ಬಂದರೆ ಸ್ಟ್ರಾಲರ್ ಚಕ್ರ ಕೆಸರಲ್ಲಿ ಹೂತುಕೊಳ್ಳುತ್ತದೆ, ಆಗ ಮಗುವನ್ನು ತಳ್ಳಿಕೊಂಡು ಕಾರುಗಳ ಪಕ್ಕದಲ್ಲೇ ರಸ್ತೆಗೆ ಇಳಿಯಬೇಕು. ಎರಡನೆಯದು ಗುಂಡಿ ಬಿದ್ದ ರಸ್ತೆ. ಮೂರನೆಯದು, ಒಂದು ತಿರುವಿಗೆ ಸಿಗ್ನಲ್ ಬೇಕು ಅಂತ.

ಈಗ ಪಟ್ಟಿ ಬಂದಿದೆ. ನನ್ನ ಮೂರರಲ್ಲಿ ಒಂದೂ ಇಲ್ಲ. ಅದು ಹೋಗಲಿ ಅಂದರೆ, ಪಕ್ಕದಲ್ಲೇ ಇರುವ, ಒಂದೆರಡು ಬಿರುಕು ಬಿಟ್ಟರೆ ಏನೂ ಆಗಿರದ ಚೆಂದದ ರಸ್ತೆಗೆ ಚಿಪ್ ಸೀಲ್ ಅಂತ ಮೇಲೊಂದು ತೆಳು ಪದರ ಹಾಕ್ತಾರಂತೆ! ಸಿಟ್ಟು ಬಂದು, ಕೌಂಟಿ ನಡೆಸಲು ಚುನಾಯಿತರಾದ ಐದು ಜನ ಸೂಪರ್‌ವೈಸರ್‌ಗಳ ಬೋರ್ಡ್ ಮೀಟಿಂಗ್‌ಗೂ ಹೋದೆ. ಮಾತಾಡಲು ಮೂರು ನಿಮಿಷ. ಮೈಕ್ ಹತ್ತಿರ ಹಸಿರು, ಹಳದಿ, ಕೆಂಪು ದೀಪ. ಹಳದಿ ಹತ್ತಿದಾಗ ನಾನಿನ್ನೂ ಮೊದಲನೇ ಪಿನ್ ವಿಷಯದಲ್ಲೇ ಇದ್ದೆ. ಕೆಂಪು ಬಂತು, ಥ್ಯಾಂಕ್ ಯೂ ಅಂದರು, ಮುಂದಿನವರ ಹೆಸರು ಕರೆದರು. ಐದು ಜನರಲ್ಲಿ ಒಬ್ಬರಾದರೂ ಒಂದು ಮಾತು ವಾಪಸ್ ಕೇಳಬೇಡವೇ? ಇದೆಲ್ಲ ಸುಮ್ನೆ ಕಣ್ಣೊರೆಸುವುದಕ್ಕೆ ಮಾಡುವುದಾ?

ಡಾಂಬರು ಡಬ್ಬ:

ನಾನು ಬೇರೆ ರಾಜ್ಯದಲ್ಲಿ ಇದೇ ರಸ್ತೆ ಕೆಲಸದಲ್ಲಿ ಇದ್ದವನು, ಸ್ವಲ್ಪ ಕೌಂಟಿಯವರ ಪರವಾಗಿ ಮಾತಾಡ್ತೀನಿ, ಬೈಯಬೇಡಿ.

ಮೊದಲು ಆ ಚೆಂದದ ರಸ್ತೆ. ಬಿಸಿಲಿಗೆ ಡಾಂಬರು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿ, ಬಾಗುವ ಗುಣ ಕಳೆದುಕೊಂಡು ಬಿರುಕು ಬಿಡುತ್ತದೆ. ಬಿರುಕಲ್ಲಿ ನೀರು ಇಳಿದು ಕೆಳಗಿನ ಜಲ್ಲಿ ಮಣ್ಣನ್ನು ಸಡಿಲ ಮಾಡುತ್ತದೆ, ಮೇಲೆ ಲಾರಿ ಹೋದಾಗಲೆಲ್ಲ ಆ ನೀರು ಅದುಮಿ ಮಣ್ಣನ್ನೂ ಹೊತ್ತುಕೊಂಡು ಹೊರಗೆ ಬರುತ್ತದೆ. ನೀವು ನೋಡಿರಬಹುದು, ಮಳೆ ನಿಂತ ಮೇಲೆ ಬಿರುಕಿನ ಅಕ್ಕಪಕ್ಕ ಕಂದು ಬಣ್ಣದ ಕಲೆ ಇರುತ್ತದಲ್ಲ, ಅದೇ. ಅಲ್ಲಿವರೆಗೆ ನಿಧಾನವಾಗಿ ಹಾಳಾಗುತ್ತಿದ್ದ ರಸ್ತೆ ಅಲ್ಲಿಂದಾಚೆ ನೋಡನೋಡುತ್ತಿದ್ದಂತೆ ಎದ್ದುಹೋಗುತ್ತದೆ. ಅದಕ್ಕೆ ಮೊದಲೇ ತೆಳ್ಳಗೆ ಡಾಂಬರು ಸಿಂಪಡಿಸಿ, ಮೇಲೆ ಸಣ್ಣ ಜಲ್ಲಿ ಹರಡಿ, ರೋಲರ್ ಓಡಿಸಿದರೆ (ಅದೇ ಚಿಪ್ ಸೀಲ್) ಇನ್ನೂ ಕೆಲವು ವರ್ಷ ಬಾಳುತ್ತದೆ. ಪೂರ್ತಿ ಹಾಳಾದ ಒಂದು ಮೈಲಿಯನ್ನು ಅಗೆದು ಹೊಸದು ಹಾಕುವ ದುಡ್ಡಲ್ಲಿ ಇಂಥ ಎಷ್ಟೋ ಮೈಲಿ ಉಳಿಸಬಹುದು. ಹಾಗಾಗಿ ತೀರಾ ಕೆಟ್ಟಿದ್ದನ್ನೇ ಮೊದಲು ಮಾಡು ಅನ್ನುವ ಲೆಕ್ಕ ಜನಕ್ಕೆ ನ್ಯಾಯ ಅನ್ನಿಸುತ್ತದೆ, ಖಜಾನೆಗೆ ಮಾತ್ರ ತೂತು. ಪ್ರತಿ ರಸ್ತೆಗೂ 0ಯಿಂದ 100ರವರೆಗೆ ಪಿಸಿಐ ಅಂತ, ಡಾಂಬರು ಎಷ್ಟು ಚೆನ್ನಾಗಿದೆ ಅಂತ ಹೇಳುವ ಒಂದು ಸ್ಕೋರ್ ಇರುತ್ತದೆ. ನಿಮ್ಮ ಗುಂಡಿ ರಸ್ತೆಯ ಸ್ಕೋರ್ ಎಷ್ಟು, ಯಾವ ವರ್ಷ ಅಳೆದಿದ್ದು ಅಂತ ಇ-ಮೇಲ್ ಮಾಡಿ ಕೇಳಿ.

ಆಮೇಲೆ ದುಡ್ಡು. ಅದು ಒಂದೇ ಹುಂಡಿಯಲ್ಲಿ ಇರುವುದಿಲ್ಲ. ಫೆಡರಲ್ ಪೆಟ್ರೋಲ್ ತೆರಿಗೆ ಗ್ಯಾಲನ್‌ಗೆ 18.4 ಸೆಂಟ್, 1993ರಿಂದ ಅಷ್ಟೇ ಇದೆ. ಬೆಲೆ ಎಲ್ಲಾ ಏರಿದೆ, ಇದು ಮಾತ್ರ ಕೂತಲ್ಲೇ ಕೂತಿದೆ. ನಿಮ್ಮ ರಾಜ್ಯದಲ್ಲಿ 2017ರ ಎಸ್‌ಬಿ 1 ಕಾಯ್ದೆ ಬಂದು ರಾಜ್ಯದ ಪೆಟ್ರೋಲ್ ತೆರಿಗೆಗೆ ಗ್ಯಾಲನ್‌ಗೆ 12 ಸೆಂಟ್ ಸೇರಿಸಿದ್ದರಿಂದ ಕೌಂಟಿಗಳು ಉಸಿರಾಡುತ್ತಿವೆ. ಆ ದುಡ್ಡಲ್ಲಿ ಏನೇನು ಮಾಡುತ್ತೇವೆ ಅನ್ನುವ ಪಟ್ಟಿಯನ್ನು ಬೋರ್ಡ್ ಪ್ರತಿವರ್ಷ ಸಾರ್ವಜನಿಕ ಸಭೆಯಲ್ಲಿ ಒಪ್ಪಿ ರಾಜ್ಯಕ್ಕೆ ಕಳಿಸಬೇಕು. ಅಪಘಾತ ತಪ್ಪಿಸುವ ಕೆಲಸಕ್ಕೆ ಬರುವ ಫೆಡರಲ್ ಸೇಫ್ಟಿ ದುಡ್ಡು ಬೇರೆ, ಅದರಲ್ಲಿ ಸಾಮಾನ್ಯವಾಗಿ ಖರ್ಚಿನ 90%ವರೆಗೂ ಫೆಡರಲ್ ಸರ್ಕಾರದವರೇ ಕೊಡ್ತಾರೆ, ಆದರೆ ಬರೀ ಗುಂಡಿ ಮುಚ್ಚಲು ಅದನ್ನು ಮುಟ್ಟುವ ಹಾಗಿಲ್ಲ. ಸಿಗ್ನಲ್‌ಗಂತೂ ರಾಷ್ಟ್ರ ಮಟ್ಟದ ಕೈಪಿಡಿಯಲ್ಲಿ ಒಂಬತ್ತು ಮಾನದಂಡ ಇವೆ: ಎಷ್ಟು ವಾಹನ, ಎಷ್ಟು ಜನ ದಾಟುತ್ತಾರೆ, ಎಷ್ಟು ಅಪಘಾತ ಇತ್ಯಾದಿ. ಒಂದಕ್ಕೂ ಹೊಂದದಿದ್ದರೆ ನೂರು ಪಿನ್ ಬಿದ್ದರೂ ಹಾಕುವುದು ಕಷ್ಟ.

ಇನ್ನೊಂದು, ನಿಮ್ಮ ರಸ್ತೆ ನಿಜಕ್ಕೂ ಕೌಂಟಿಯದೇನಾ? ಕ್ಯಾಲಿಫೋರ್ನಿಯಾದಲ್ಲಿ ಸಿಟಿ ಗಡಿಯ ಒಳಗಿನ ರಸ್ತೆ ಸಾಮಾನ್ಯವಾಗಿ ಸಿಟಿಯದು, ಹೊರಗಿನದು ಕೌಂಟಿಯದು, ನಂಬರ್ ಇರುವ ಸ್ಟೇಟ್ ಹೈವೇ ರಾಜ್ಯದ್ದು. ನಾರ್ತ್ ಕ್ಯಾರೊಲಿನಾದಲ್ಲಿ ಕೌಂಟಿ ಕೈಯಲ್ಲಿ ರಸ್ತೆಯೇ ಇಲ್ಲ. ವರ್ಜೀನಿಯಾದಲ್ಲೂ ಆರ್ಲಿಂಗ್ಟನ್, ಹೆನ್ರೈಕೊ ಬಿಟ್ಟರೆ ಕೌಂಟಿಗಳ ರಸ್ತೆ ನೋಡಿಕೊಳ್ಳುವುದು ರಾಜ್ಯವೇ.

ಮೂರು ನಿಮಿಷ:

ನಿಮ್ಮ ಕೆಂಪು ದೀಪದ ಕಥೆ ಓದಿ ನಗು ಬಂತು, ನನ್ನ ಹೆಸರು ನೋಡಿದರೆ ಗೊತ್ತಾಗುತ್ತಲ್ವಾ. ಅವರು ಸುಮ್ಮನೆ ಕೂತಿದ್ದು ಸೊಕ್ಕಿನಿಂದ ಇರಲಿಕ್ಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಆ್ಯಕ್ಟ್ ಅಂತ 1953ರ ಕಾಯ್ದೆ ಇದೆ. ಮಾಮೂಲಿ ಸಭೆಗೆ 72 ಗಂಟೆ ಮೊದಲೇ ಅಜೆಂಡಾ ಹಾಕಬೇಕು, ಅದರಲ್ಲಿ ಇಲ್ಲದ ವಿಷಯವನ್ನು ಬೋರ್ಡ್ ಅಲ್ಲಿ ಚರ್ಚೆ ಮಾಡುವ ಹಾಗಿಲ್ಲ. ನೀವು ಸಭೆಯ ಶುರುವಿನಲ್ಲಿ, ಅಜೆಂಡಾದಲ್ಲಿ ಇಲ್ಲದ ವಿಷಯಕ್ಕೆ ಅಂತ ಇಟ್ಟಿರುವ ಸಮಯದಲ್ಲಿ ಮಾತಾಡಿರುತ್ತೀರಿ. ಹೆಚ್ಚೆಂದರೆ ಒಂದು ಚಿಕ್ಕ ಉತ್ತರ ಕೊಡಬಹುದು, ಇಲ್ಲವೇ ಸಿಬ್ಬಂದಿಗೆ ನೋಡಿ ಅನ್ನಬಹುದು. ರಸ್ತೆ ಪಟ್ಟಿ ಅಜೆಂಡಾಕ್ಕೆ ಬಂದ ದಿನ, ಆ ಐಟಂ ನಂಬರ್ ಹೇಳಿ ಮಾತಾಡಿದರೆ ಕಥೆಯೇ ಬೇರೆ.

ಆದರೆ ನಿಜ ಹೇಳಬೇಕೆಂದರೆ ಆ ದಿನವೂ ತಡವೇ. ಜುಲೈ 1ಕ್ಕೆ ಹೊಸ ಬಜೆಟ್ ವರ್ಷ ಶುರು. ಇಲಾಖೆಯವರು ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಲೆಕ್ಕ ಹಾಕಿ ಕೂತಿರುತ್ತಾರೆ, ಮೇ, ಜೂನ್‌ನಲ್ಲಿ ಹೋಗುವುದು ಎಲೆಗೆ ಬಡಿಸಿದ ಮೇಲೆ ಅಡುಗೆ ಏನು ಮಾಡೋಣ ಅಂತ ಕೇಳಿದ ಹಾಗೆ. ನಾನು ಎರಡು ವರ್ಷ ಹಾಗೇ ಹೋಗಿ ಪೆದ್ದನಾದೆ. ಮೂರನೇ ವರ್ಷ ಅಕ್ಟೋಬರ್‌ನಲ್ಲೇ ನಮ್ಮ ಸೂಪರ್‌ವೈಸರ್ ಆಫೀಸಿನ ಸಹಾಯಕರಿಗೆ ನಮ್ಮ ರಸ್ತೆಯ ಮೋರಿ ಬಗ್ಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, ಎಷ್ಟು ಅಡಿ? ನನಗೆ ಗೊತ್ತಿರಲಿಲ್ಲ! ಅಳೆದು, ಫೋಟೋ ತೆಗೆದು, ಹತ್ತಿರದ ಮನೆ ನಂಬರ್ ಹಾಕಿ ಮತ್ತೆ ಕಳಿಸಿದೆ. ನಾಲ್ಕು ತಿಂಗಳಿಗೆ ಒಬ್ಬ ಎಂಜಿನಿಯರ್ ಬಂದು ನಮ್ಮ ಮೋರಿ ನೋಡಿ ಹೋದರು. ಕೆಲಸ ಇನ್ನೂ ಆಗಿಲ್ಲ, ಆದರೆ ಪಟ್ಟಿಯಲ್ಲಿದೆ.

ಮೂರು ವಿಷಯ ಒಟ್ಟಿಗೆ ಹೇಳಬೇಡಿ. ಸೈಡ್‌ವಾಕ್ ಒಂದನ್ನೇ ಹಿಡಿಯಿರಿ.

ಗೊಣಗಪ್ಪ:

ಇಬ್ಬರೂ ಹೇಳಿದ್ದು ಸರಿಯೇ ಇರಬಹುದು, ಆದರೆ ನನಗೆ ಸಮಾಧಾನ ಇಲ್ಲ. ಪಿಸಿಐ ಅಳೆಯುವುದು ಡಾಂಬರನ್ನು. ಇಲ್ಲವೇ ಇಲ್ಲದ ಸೈಡ್‌ವಾಕ್‌ಗೆ ಸ್ಕೋರ್ ಎಲ್ಲಿಂದ ಬರಬೇಕು? ಅಮ್ಮನವರ ನೂರು ಹೆಜ್ಜೆ ಯಾವ ಕಂಪ್ಯೂಟರಿಗೂ ಕಾಣುವುದಿಲ್ಲ. ಇನ್ನು ಆ ಮ್ಯಾಪ್. ಅದರಲ್ಲಿ ಪಿನ್ ಹಾಕುವವರು ಯಾರು? ಸಂಜೆ ಆರಾಮಾಗಿ ಲ್ಯಾಪ್‌ಟಾಪ್ ತೆಗೆಯಲು ಪುರುಸೊತ್ತು ಇರುವವರು. ರಾತ್ರಿ ಪಾಳಿ ಮುಗಿಸಿ ಅದೇ ಕೆಸರಲ್ಲಿ ನಡೆದು ಬಸ್ ಹಿಡಿಯುವವನಿಗೆ ಆ ಲಿಂಕ್ ಸಿಕ್ಕಿರುವುದೂ ಇಲ್ಲ. ನಮ್ಮಲ್ಲಿ ಸ್ವಂತ ಮನೆಗಳ ಬೀದಿಯೊಂದರಲ್ಲಿ ರಾಶಿ ಪಿನ್ ಬಿದ್ದಿತ್ತು, ಎಲ್ಲಾ ಸ್ಪೀಡ್ ಹಂಪ್‌ಗೆ. ಪಕ್ಕದ ಅಪಾರ್ಟ್‌ಮೆಂಟ್ ಸಾಲಿನಲ್ಲಿ ಎರಡೇ. ಅತ್ತ ಮಗುವಿಗೆ ಹಾಲು ಸರಿ, ಆದರೆ ಅಳುವುದಕ್ಕೂ ಇಂಟರ್‌ನೆಟ್ ಬೇಕು ಅಂದರೆ ಹೇಗೆ?

ನನ್ನ ಸಲಹೆ, ಒಬ್ಬರೇ ಹೋಗಬೇಡಿ. ಆ ಸ್ಟಾಪ್‌ನಲ್ಲಿ ಒಂದು ಬೆಳಿಗ್ಗೆ ನಿಂತು ಎಷ್ಟು ಜನ ಹತ್ತಿದರು, ಎಷ್ಟು ಜನ ರಸ್ತೆಗಿಳಿದು ನಡೆದರು ಅಂತ ಗೀಟು ಹಾಕಿ. ಬಸ್ ಸಂಸ್ಥೆಯವರಿಗೂ ಬರೆಯಿರಿ, ಅವರ ಹತ್ತಿರ ಸ್ಟಾಪ್‌ವಾರು ಲೆಕ್ಕ ಇರುತ್ತದೆ. ನಿಮ್ಮ ಜೊತೆ ಅವರದ್ದೂ ಒಂದು ಪತ್ರ ಹೋದರೆ ತೂಕ ಜಾಸ್ತಿ.

ಡಾಂಬರು ಡಬ್ಬ:

ಗೊಣಗಪ್ಪನವರು ಪಿಸಿಐ ಬಗ್ಗೆ ಹೇಳಿದ್ದು ಒಪ್ಪಿದೆ. ನಾನು ಮರೆತದ್ದು ಒಂದಿದೆ. ಸೈಡ್‌ವಾಕ್ ಇರುವ ರಸ್ತೆಗೆ ದಪ್ಪಗೆ ಹೊಸ ಡಾಂಬರು ಹಾಸಿದರೆ, 1990ರ ಎಡಿಎ ಅನ್ನುವ ಅಂಗವಿಕಲರ ಹಕ್ಕಿನ ಕಾಯ್ದೆ ಪ್ರಕಾರ ಜನ ದಾಟುವ ಜಾಗದಲ್ಲಿ ಇಳಿಜಾರು ರ‍್ಯಾಂಪ್ ಇಲ್ಲದಿದ್ದರೆ ಆಗಲೇ ಕಟ್ಟಿಕೊಡಬೇಕು. ಚಿಪ್ ಸೀಲ್ ಬರೀ ನಿರ್ವಹಣೆ ಲೆಕ್ಕ, ಅದಕ್ಕೆ ಈ ನಿಯಮ ಇಲ್ಲ. ಹಾಗಾಗಿ ನಿಮ್ಮ ರಸ್ತೆಗೆ ಏನು ಮಾಡ್ತಾರೆ ಅಂತ ಕೇಳುವಾಗ ಯಾವ ಥರದ ಕೆಲಸ ಅಂತ ಬಿಡಿಸಿ ಕೇಳಿ. ಇದರಿಂದ ಹೊಸ ಸೈಡ್‌ವಾಕ್ ಬರುವುದಿಲ್ಲ, ಇರುವ ಕಡೆ ಸ್ಟ್ರಾಲರ್ ಎತ್ತಿ ಇಳಿಸುವುದು ತಪ್ಪುತ್ತದೆ.

ಸ್ಟ್ರಾಲರ್ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಕೌಂಟಿಯ ಮ್ಯಾಪ್ ತೆಗೆದು ನೋಡಿದೆ, ತಲೆ ಚಚ್ಚಿಕೊಳ್ಳುವ ಹಾಗಾಯಿತು. ಗುಂಡಿ ರಸ್ತೆ ಪಕ್ಕದ ಸಿಟಿಯದು! ಕೌಂಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಪಿನ್ ಹಾಕುವಾಗ ಆ ಮ್ಯಾಪ್ ಸುಮ್ಮನೆ ಹಾಕಿಸಿಕೊಂಡಿತಲ್ಲ, ಇದು ನಮ್ಮದಲ್ಲ ಅಂತ ಒಂದು ಸಾಲು ತೋರಿಸಿದ್ದರೆ ಏನಾಗುತ್ತಿತ್ತು? ಸೈಡ್‌ವಾಕ್ ಮಾತ್ರ ಕೌಂಟಿಯದೇ, ಪೂರ್ತಿ. ಸಿಗ್ನಲ್ ಆಸೆ ಸದ್ಯಕ್ಕೆ ಬಿಟ್ಟೆ.

ಸೂಪರ್‌ವೈಸರ್ ಆಫೀಸಿಗೆ ಬರೆಯುವ ಮೊದಲು ಶನಿವಾರ ಟೇಪ್ ತಗೊಂಡು ಹೋಗಿ ಅಳೆಯುತ್ತೇವೆ, ಗಂಡನಿಗೆ ಟೇಪಿನ ಇನ್ನೊಂದು ತುದಿ ಹಿಡಿಯುವ ಕೆಲಸ. ಅಂದಹಾಗೆ ನೂರು ಹೆಜ್ಜೆ ಅಂದಿದ್ದೆನಲ್ಲ, ಇವತ್ತು ಬೆಳಿಗ್ಗೆ ಎಣಿಸಿದೆ. ನೂರ ಮೂವತ್ತೆರಡು.