ಲಿವರಿನಲ್ಲಿ 7 ಸೆಂ.ಮೀ. ನೀರುಗುಳ್ಳೆ: ಸೂಜಿ ಹಾಕಿ ನೀರು ತೆಗೆಸಬಹುದಾ?

ಪ್ರಶ್ನೆ (ಕುಷ್ಟಗಿ ತಾಲೂಕು, ಕೊಪ್ಪಳ)
ಅವ್ವಗ 52 ವರ್ಷ, ತೂಕ 61 ಕೆ.ಜಿ. ಬಲಪಕ್ಕಿ ಕೆಳಗ ಭಾರ ಅಂತಾಳ. ಜ್ವರ ಇಲ್ಲ, ಕಾಮಾಲಿ ಇಲ್ಲ. ಸ್ಕ್ಯಾನಿನಾಗ ಲಿವರಿನ ಬಲಭಾಗದಾಗ 7 ಸೆಂ.ಮೀ. ಸಿಸ್ಟ್, ಒಳಗ ಪೊರೆ ಕಳಚಿ ತೇಲಾಕತ್ತೈತಿ ಅಂತ ಬರದಾರ. ಮನ್ಯಾಗ ಕುರಿ, ನಾಯಿ ಅದಾವ. ಸೂಜಿ ಹಾಕಿ ನೀರು ತಗಸ್ರಿ ಅಂತ ಮಂದಿ ಹೇಳ್ತಾರ. ಹಂಗ ಮಾಡಿಸಬಹುದಾ? ಕುರಿ ಮಾಂಸ ತಿಂದಿದ್ದಕ್ಕ ಬಂತಾ?

ಉತ್ತರ 1 (ಸರ್ಜನ್, ಬಳ್ಳಾರಿ)
ಯಾವ ಸಿಸ್ಟ್ ಎಂದು ಗೊತ್ತಾಗುವ ಮೊದಲು ಸೂಜಿ ಬೇಡವೇ ಬೇಡ. ಸಾದಾ ಸಿಸ್ಟಿನ ಗೋಡೆ ತೆಳು, ಒಳಗೆ ತಿಳಿನೀರು, ಹುಟ್ಟಿನಿಂದಲೇ ಬಂದದ್ದು. ತೊಂದರೆ ಕೊಡದಿದ್ದರೆ ಅದನ್ನು ಮುಟ್ಟುವುದಿಲ್ಲ. ಬರೀ ನೀರು ತೆಗೆದರೆ ಮತ್ತೆ ತುಂಬುತ್ತದೆ, ಹಾಗಾಗಿ ನೋವು ಕೊಡುವುದನ್ನು ಲ್ಯಾಪರೊಸ್ಕೋಪಿಯಲ್ಲಿ ಮೇಲಿನ ಗೋಡೆ ಕತ್ತರಿಸಿ ತೆರೆದು ಬಿಡುತ್ತಾರೆ.

ನಿಮ್ಮ ತಾಯಿಯವರದು ಹಾಗೆ ಕಾಣುವುದಿಲ್ಲ. ತೇಲುವ ಪೊರೆ, ಜೊತೆಗೆ ಕುರಿ-ನಾಯಿ: ಇದು ಹೈಡಾಟಿಡ್ ಸಿಸ್ಟ್, ಅಂದರೆ ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಚೀಲ. ಇದರ ನೀರು ಹೊಟ್ಟೆಯೊಳಗೆ ಸೋರಿದರೆ ಅಲರ್ಜಿಯಾಗಿ ಬಿಪಿ ಕುಸಿದು ಜೀವಕ್ಕೇ ಅಪಾಯ ಬರಬಹುದು, ಸೋರಿದ ಕಡೆ ಹೊಸ ಸಿಸ್ಟ್‌ಗಳೂ ಬೆಳೆಯುತ್ತವೆ. ಎಲೈಸಾ ರಕ್ತಪರೀಕ್ಷೆ, ಸಿಟಿ ಸ್ಕ್ಯಾನ್, ಎದೆ ಎಕ್ಸ್‌ರೇ ಮಾಡಿಸಿ, ಶ್ವಾಸಕೋಶದಲ್ಲೂ ಇರಬಹುದು. ಎಲೈಸಾ ನೆಗೆಟಿವ್ ಬಂತೆಂದು ಕಾಯಿಲೆ ಇಲ್ಲ ಎನ್ನಲಾಗದು.

ಉತ್ತರ 2 (ರೇಡಿಯಾಲಜಿ, ರಾಯಚೂರು)
ಪೊರೆ ತೇಲುವ ಹಂತವನ್ನು ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಸಿಇ3ಎ ಎನ್ನುತ್ತಾರೆ. 5 ಸೆಂ.ಮೀ. ಒಳಗಿದ್ದರೆ ಆಲ್ಬೆಂಡಜೋಲ್ ಒಂದೇ ಸಾಕಾಗಬಹುದು, 7 ಇದ್ದರೆ ಗುಳಿಗೆಯ ಜೊತೆ 'ಪೇರ್' ವಿಧಾನ. ಇಲ್ಲೂ ಸೂಜಿಯೇ, ಆದರೆ ಕ್ರಮ ಬೇರೆ. ಗುಳಿಗೆ ಮೊದಲೇ ಶುರುವಾಗಿರಬೇಕು. ಅರಿವಳಿಕೆ ವೈದ್ಯರು, ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ಇರಬೇಕು. ಸ್ಕ್ಯಾನ್ ನೋಡುತ್ತಾ ಲಿವರಿನ ಮಾಂಸದ ಮೂಲಕವೇ ಸೂಜಿ ಹಾಯಿಸಿ ನೀರು ತೆಗೆಯುತ್ತಾರೆ. ಆ ನೀರಲ್ಲಿ ಪಿತ್ತ ಇದೆಯಾ ಎಂದು ಅಲ್ಲೇ ಪರೀಕ್ಷಿಸಬೇಕು. ಇದ್ದರೆ ಹುಳು ಕೊಲ್ಲುವ ದ್ರಾವಣ ಒಳಗೆ ಬಿಡಬಾರದು, ಪಿತ್ತನಾಳ ಸುಟ್ಟು ಗಟ್ಟಿಯಾಗುತ್ತದೆ. ಇಲ್ಲದಿದ್ದರೆ 20% ಉಪ್ಪುದ್ರಾವಣ ತುಂಬಿ, 10-15 ನಿಮಿಷ ಬಿಟ್ಟು ವಾಪಸ್ ಎಳೆಯುತ್ತಾರೆ.

ಒಳಗೆ ಮರಿಸಿಸ್ಟ್‌ಗಳು ತುಂಬಿದ್ದರೆ ಇದು ಫಲಿಸುವುದು ಕಡಿಮೆ, ಆಪರೇಷನ್ನೇ ಸರಿ. ಗಟ್ಟಿಯಾಗಿ ಸುಣ್ಣಕಟ್ಟಿದ್ದಕ್ಕೆ ವರ್ಷಕ್ಕೊಮ್ಮೆ ಸ್ಕ್ಯಾನ್ ಸಾಕು.

ಪ್ರಶ್ನೆ ಕೇಳಿದವರು
ಆಲ್ಬೆಂಡಜೋಲ್ ಅಂದ್ರ ಸಾಲ್ಯಾಗ ಹುಡುಗ್ರಿಗೆ ಕೊಡೋ ಹುಳದ ಗುಳಿಗಿನೇ ಅಲ್ರೀ ಸರ್?

ಉತ್ತರ 1 (ಸರ್ಜನ್, ಬಳ್ಳಾರಿ)
ಅದೇ ಗುಳಿಗೆ, ಆದರೆ ಅಲ್ಲಿ ಒಂದೇ ಡೋಸು. ಇಲ್ಲಿ 60 ಕೆ.ಜಿ. ಮೇಲಿನವರಿಗೆ ಸಾಮಾನ್ಯವಾಗಿ 400 ಮಿ.ಗ್ರಾಂ. ದಿನಕ್ಕೆರಡು ಸಲ, ಎಷ್ಟು ತಿಂಗಳು ಎಂಬುದನ್ನು ವೈದ್ಯರು ಹೇಳಬೇಕು. ಖಾಲಿ ಹೊಟ್ಟೆಗೆ ನುಂಗಿದರೆ ರಕ್ತಕ್ಕೆ ಸೇರುವುದೇ ಕಡಿಮೆ. ತುಪ್ಪವೋ ಶೇಂಗಾ ಹಿಂಡಿಯೋ ಇರುವ ಊಟದ ಜೊತೆ ತೆಗೆದುಕೊಳ್ಳಲಿ. ಲಿವರ್ ಪರೀಕ್ಷೆ, ಬಿಳಿರಕ್ತಕಣದ ಎಣಿಕೆ ಮೊದಲು ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಸ್ವಂತವಾಗಿ ಅಂಗಡಿಯಿಂದ ತಂದು ಶುರು ಮಾಡಬೇಡಿ.

ಉತ್ತರ 3 (ಪಶುವೈದ್ಯ, ಸಿಂಧನೂರು)
ಮಾಂಸ ತಿಂದಿದ್ದಕ್ಕ ಬರೂದಿಲ್ರಿ. ಕುರಿ ಕೊಯ್ದಾಗ ನೀರುಗುಳ್ಳಿ ಇರೋ ಲಿವರ್, ಪುಪ್ಪುಸ ನಾಯಿಗೆ ಒಗಿತಾರಲ್ಲ, ಅಲ್ಲಿಂದ ಹುಳ ನಾಯಿ ಕರುಳಿಗೆ ಹೋಗ್ತದ. ನಾಯಿ ಹೇಲಿನಾಗಿನ ತತ್ತಿ ಕೈಗೆ, ಹೊಲದ ಸೊಪ್ಪಿಗೆ ಅಂಟ್ತಾವ. ನಮ್ಮ ಕಡೆ ರೊಟ್ಟಿ ಜೋಡಿ ಹಕ್ಕರಿಕಿ, ಮೆಂತ್ಯೆ ಹಸಿದೇ ತಿಂತಾರ, ಅದನ್ನ ಮೂರ್ನಾಲ್ಕು ನೀರಿನಾಗ ಎಲಿ ಎಲಿ ಬಿಡಿಸಿ ತೊಳೀರಿ. ಸ್ಯಾನಿಟೈಜರಿಗೆ ಈ ತತ್ತಿ ಸಾಯೂದಿಲ್ಲ, ಸಾಬೂನು ಹಚ್ಚಿ ಕೈ ಉಜ್ಜಬೇಕು.

ನಾಯಿಗೆ ಪ್ರಾಜಿಕ್ವಾಂಟೆಲ್ ಕೆ.ಜಿ.ಗೆ 5 ಮಿ.ಗ್ರಾಂ., ಅಂದ್ರ 15 ಕೆ.ಜಿ. ನಾಯಿಗೆ 75. ಆರು ವಾರಕ್ಕೊಮ್ಮೆ ಕೊಡ್ರಿ, ಹೊಸ ಹುಳ ತತ್ತಿ ಇಡೂದ್ರೊಳಗ ಸಾಯ್ಬೇಕು. ಕೊಟ್ಟ ಮ್ಯಾಲ ಎರಡು ದಿನ ಕಟ್ಟಿಹಾಕಿ, ಹೇಲು ಸುಡ್ರಿ ಇಲ್ಲಾ ಆಳವಾಗಿ ಹೂಳ್ರಿ. ಜಾತ್ರ್ಯಾಗ ಕೊಯ್ದ ಕುರಿದು ಗುಳ್ಳಿ ಕಂಡ ಭಾಗನೂ ನಾಯಿ ಕೆದರಲಾರದಷ್ಟು ಆಳದಾಗ ಹೋಗಬೇಕು.