ಮೊಡವೆಗೆ ಅಡಾಪಲೀನ್ ಜೆಲ್ ಬಿಟ್ಟು ಐಸೊಟ್ರೆಟಿನೋಯಿನ್ ಕ್ಯಾಪ್ಸೂಲ್‌ಗೆ ಹೋದವರು ಯಾರಾದರೂ ಇದ್ದೀರಾ?

ದಾವಣಗೆರೆಯವಳು: ಅಡಾಪಲೀನ್ ಜೆಲ್‌ನಿಂದ ಚರ್ಮ ಸುಲಿಯುತ್ತಿದೆ, ಮೊಡವೆ ಇಳಿದಿಲ್ಲ. ಡಾಕ್ಟರ್ ಈಗ ಐಸೊಟ್ರೆಟಿನೋಯಿನ್ 20 ಮಿ.ಗ್ರಾಂ ಎನ್ನುತ್ತಿದ್ದಾರೆ. ಮುಂದಿನ ವರ್ಷ ಮದುವೆ. ತಗೊಂಡವರು ಹೇಳಿ.

ಬೆಳಗಾವಿ: ಧೈರ್ಯವಾಗಿ ತಗೊಳ್ಳಿ. ನನಗೆ ಬೆನ್ನ ತುಂಬಾ ಗಂಟು ಮೊಡವೆ, ಬಿಳಿ ಅಂಗಿಗೆಲ್ಲ ರಕ್ತದ ಕಲೆ. ಕ್ಯಾಪ್ಸೂಲ್ ದುಬಾರಿ ಅಲ್ಲ, ಮೇಲಿನ ಖರ್ಚೇ ಜಾಸ್ತಿ. ಲಿಪಿಡ್, ಲಿವರ್ ಟೆಸ್ಟ್ 1,100. ಫೀಸು 600. ಸನ್‌ಸ್ಕ್ರೀನ್ 550. ರಕ್ತದ ಕೊಬ್ಬು, ಟ್ರೈಗ್ಲಿಸರೈಡ್, 310ಕ್ಕೆ ಏರಿತು, ಡೋಸ್ ಇಳಿಸಿದರು. ತುಟಿಯ ಮೂಲೆ ಒಡೆದು ಸಾರನ್ನ ತಿಂದರೂ ಉರಿ. ಆದರೆ ಈಗ ಬೆನ್ನಲ್ಲಿ ಒಂದೂ ಇಲ್ಲ!

ಹಾಸನ: ಇವೆಲ್ಲ ರೆಟಿನಾಯ್ಡ್, ಅಂದರೆ ವಿಟಮಿನ್ ಎ ಜಾತಿಯ ಔಷಧ, ಸಹವಾಸವೇ ಬೇಡ. ಮೆಡಿಕಲ್ ಸ್ಟೋರಿನವನು ಕೊಟ್ಟ ಅದೇ ಜಾತಿಯ ಟ್ರೆಟಿನೋಯಿನ್ ಟ್ಯೂಬ್ ನನ್ನ ಮುಖ ತೆಗೆಯಿತು. ಮೊದಲು ಬೆಳ್ಳಗಾಯಿತು. ಬಿಟ್ಟ ಕೂಡಲೇ ಉರಿ, ಕೆನ್ನೆಯಲ್ಲಿ ಸಣ್ಣ ಸಣ್ಣ ಕೆಂಪು ನರ. ಲೇಸರ್‌ಗೆ 18,000 ಸುರಿದೆ.

ಮೈಸೂರು ಲ್ಯಾಬ್: ಹಾಸನದವರೇ, ಟ್ಯೂಬಿನಲ್ಲಿ ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ಮೊಮೆಟಾಸೋನ್ ಕೂಡ ಇತ್ತಾ? ಹಾಗಿದ್ದರೆ ಇದು ಮೊಮೆಟಾಸೋನ್ ಕೆಲಸ. ಅದು ಸ್ಟೀರಾಯ್ಡ್, ಜೀವಕೋಶದಲ್ಲಿ ಅದು ಕೂರುವ ಜಾಗ, ಅಂದರೆ ರಿಸೆಪ್ಟರ್ರೇ ಬೇರೆ. ಟ್ರೆಟಿನೋಯಿನ್ ಕೂರುವುದು ಆರ್‌ಎಆರ್ ಎಂಬ ರಿಸೆಪ್ಟರ್ ಮೇಲೆ. ಆರ್‌ಎಆರ್, ಅದರ ಜೊತೆಗಾರ ರಿಸೆಪ್ಟರ್ ಆರ್‌ಎಕ್ಸ್‌ಆರ್ ಜೋಡಿಯಾಗಿ ಡಿಎನ್‌ಎ ಹಿಡಿದಿರುತ್ತವೆ. ರೆಟಿನಾಯ್ಡ್ ಬರುವ ತನಕ ಜೀನ್ ಅದುಮಿಟ್ಟಿರುತ್ತವೆ, ಬಂದ ಮೇಲೆ ಜೀನ್ ಓಡುತ್ತದೆ. ಐಸೊಟ್ರೆಟಿನೋಯಿನ್ ಇವುಗಳಿಗೆ ನೇರವಾಗಿ ಅಷ್ಟು ಅಂಟುವುದಿಲ್ಲ. ಜೀವಕೋಶದೊಳಗೆ ಟ್ರೆಟಿನೋಯಿನ್ ಆಗಿ ಬದಲಾಗುತ್ತದೆ. ನಾನು ಪಿಎಚ್‌ಡಿ ಮಾಡಿದ್ದೇ ಆರ್‌ಎಆರ್‌ನ ಒಂದು ಬಗೆಯಾದ ಆರ್‌ಎಆರ್ ಗ್ಯಾಮಾ ಮೇಲೆ, ಯಾರೋ ಮಾಡಿದ ತಪ್ಪಿಗೆ ರೆಟಿನಾಯ್ಡನ್ನು ಬೈದರೆ ಸಿಟ್ಟು ಬರುತ್ತದೆ.

ಹಾಸನ: ಉರಿದದ್ದು ನನ್ನ ಮುಖ ಮೇಡಂ, ನಿಮ್ಮ ಲ್ಯಾಬಿನ ಪ್ಲೇಟ್ ಅಲ್ಲ. ಪಾಠ ಬೇರೆ ಕಡೆ ಮಾಡಿ.

ಶಿವಮೊಗ್ಗ: ಮದುವೆ ಮಾತು ಯಾರೂ ಎತ್ತಲಿಲ್ಲವಲ್ಲ! ನನಗೆ ಸೋರಿಯಾಸಿಸ್ ಚರ್ಮರೋಗಕ್ಕೆ ಇದೇ ಜಾತಿಯ ಅಸಿಟ್ರೆಟಿನ್ ಬರೆದರು. ನಿಲ್ಲಿಸಿದ ಮೇಲೂ 3 ವರ್ಷ ಬಸುರಾಗಬಾರದು ಅಂತ ಹೇಳಲೇ ಇಲ್ಲ, ಮದುವೆಯಾದ ಮೇಲೆ ಗೊತ್ತಾಯಿತು. ಅತ್ತೆ ಮನೆಯಲ್ಲಿ ಕೇಳಿದ ಮಾತು ಒಂದೆರಡಲ್ಲ. ಐಸೊಟ್ರೆಟಿನೋಯಿನ್‌ಗೆ ನಿಲ್ಲಿಸಿ 1 ತಿಂಗಳು ಸಾಕು, ಆದರೆ ತಗೊಳ್ಳುವಾಗ ಗರ್ಭ ನಿಂತರೆ ಮಗುವಿನ ಮುಖ, ಹೃದಯ, ಮಿದುಳು ಎಲ್ಲಕ್ಕೂ ಪೆಟ್ಟು. ಬೆಳಗಾವಿಯವರೇ, ನೀವು ಗಂಡಸರು, ಸುಲಭವಾಗಿ ಧೈರ್ಯ ಹೇಳುತ್ತೀರಿ.

ಬೆಳಗಾವಿ: ಅಕ್ಕಾ, ನಾನು ಹೇಳಿದ್ದು ನನ್ನ ಬೆನ್ನಿನ ವಿಷಯ.

ತುಮಕೂರು: ನಾನು ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ಎಲ್ಲಕ್ಕೂ ನಮ್ಮನ್ನೇ ಬೈಯಬೇಡಿ. ಡಾಕ್ಟರ್ ಚೀಟಿ ಕೇಳಿದರೆ ಪಕ್ಕದ ಅಂಗಡಿಗೆ ಹೋಗುತ್ತೀರಿ.

ಹಾಸನ: ಹೋಗಲಿ ಬಿಡಿ! ಸ್ಟೀರಾಯ್ಡ್ ಇದೆ ಅಂತ ಒಂದು ಮಾತು ಹೇಳಲು ನಿಮಗೇನು ಕಷ್ಟ?